ಒಂದೇ ಪುಟ, ತೊಂಬತ್ತಾರು ಸಲ

2015ರಲ್ಲಿ ನಾನು ಹಾಸನದ ಹೊರವಲಯದಲ್ಲಿದ್ದ, ಕಿವಿ ಕೇಳದ ಮಕ್ಕಳ ಒಂದು ಸಣ್ಣ ವಸತಿ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅದಕ್ಕೂ ಮೊದಲು, ಯೌವನದಲ್ಲಿ, ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ನನ್ನ ಗುರುಗಳ ಬಳಿ ಏಳು ವರ್ಷ ತಾಳೆಗರಿಗಳನ್ನು ಓದಿ ಪ್ರತಿ ಮಾಡುವ ಕೆಲಸದಲ್ಲಿದ್ದೆ. ಗರಿಯಲ್ಲಿ ಒಂದೇ ಸಾಲು ಎರಡು ಸಲ ಬಂದರೆ ಅದು ಬರೆದವನ ಕಣ್ಣು ಜಾರಿದ್ದರ ಗುರುತು. ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಬೇಕು. ಇದು ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು. ಆ ಪಾಠದಿಂದಲೇ ನಾನು ಮಾಡಿದ ಒಂದು ಅಪರಾಧವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಲಾವಣ್ಯ ಹಳೇಕೋಟೆಯ ಕಡೆಯ ಒಂದು ಒಕ್ಕಲುಮನೆಯ ಹುಡುಗಿ. ಆಗ ಆಕೆಗೆ ಹನ್ನೆರಡು ವರ್ಷ. ಹುಟ್ಟುಗಿವುಡಿ. ನಮ್ಮ ಶಾಲೆಯಲ್ಲಿ ಸಂಜ್ಞಾಭಾಷೆಯನ್ನು ಚೆನ್ನಾಗಿ ಕಲಿತಿದ್ದಳು. ಮನೆಯವರಿಗೆ ಮಾತ್ರ ಊಟ, ನೀರು, ಬಾ, ಹೋಗು ಎಂಬಷ್ಟರ ಹೊರತು ಆಕೆಯ ಕೈಮಾತು ತಿಳಿಯುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಸೋದರಮಾವ ಆಕೆಗೆ ಒಂದು ಹಳೆಯ ವಿಡಿಯೋ ಗೇಮ್ ಯಂತ್ರ ಕೊಟ್ಟಿದ್ದ. ಅಂಗೈಯಗಲದ್ದು, ಪುಸ್ತಕದಂತೆ ಮಡಚುವಂಥದ್ದು, ಬರೆಯಲು ಒಂದು ಕಡ್ಡಿ. ಅದರಲ್ಲಿ ಚಿತ್ರಗಳನ್ನು ಓಡಿಸುವ ಒಂದು ಸಾಫ್ಟ್‌ವೇರ್ ಇತ್ತು. ನೋಟ್‌ಬುಕ್ಕಿನ ಮೂಲೆಗಳಲ್ಲಿ ಬೊಂಬೆ ಬರೆದು ಹಾಳೆಗಳನ್ನು ಸರ್ರನೆ ಬಿಟ್ಟರೆ ಬೊಂಬೆ ನಡೆಯುತ್ತದಲ್ಲ, ಅದೇ ತತ್ತ್ವ. ಒಂದು ಪುಟ ಬರೆದು ಮುಂದಿನದಕ್ಕೆ ಹೋದರೆ ಹಿಂದಿನ ಪುಟ ಮಸುಕಾಗಿ ಅಡಿಯಲ್ಲಿ ಕಾಣುತ್ತದೆ. ಅದನ್ನು ನೋಡಿಕೊಂಡು ಕೈಕಾಲನ್ನು ತುಸು ಸರಿಸಿ ಬರೆಯಬೇಕು. ಬೇಕಾದರೆ ಪುಟವನ್ನು ಇದ್ದ ಹಾಗೆಯೇ ನಕಲು ಮಾಡಲೂಬಹುದು. ಕೊನೆಗೆ ಗುಂಡಿ ಒತ್ತಿದರೆ ಪುಟಗಳು ಓಡುತ್ತವೆ. ಲಾವಣ್ಯ ಅದನ್ನು ಸೆಕೆಂಡಿಗೆ ಎರಡು ಪುಟದ ನಿಧಾನಗತಿಗೆ ಇಟ್ಟುಕೊಂಡಿದ್ದಳು.

ಆ ವರ್ಷ ದಸರಾ ರಜೆಯಲ್ಲಿ ಆಕೆಯ ತಮ್ಮ ಮೋಹಿತ, ನಾಲ್ಕೂವರೆ ವರ್ಷದ ಕೂಸು, ಹೊಲದ ಪಕ್ಕದ ನಾಲೆಗೆ ಬಿದ್ದು ತೀರಿಕೊಂಡ. ಜೊತೆಗಿದ್ದವಳು ಲಾವಣ್ಯ. ನೀರಿಗಿಳಿದು ಮಗುವನ್ನು ಹೊರತಂದವನು ದೊಡ್ಡಪ್ಪ ಸ್ವಾಮಣ್ಣ. ಹುಡುಗಿ ತಡಮಾಡಿ ಹೇಳಿದ್ದರಿಂದಲೇ ಮಗು ಹೋಯಿತೆಂದು ಮನೆಯವರೆಲ್ಲ ನಂಬಿದರು.

ರಜೆ ಮುಗಿದು ಹದಿನೈದು ದಿನವಾದ ಮೇಲೆ ತಂದೆ ನಂಜೇಗೌಡ ಆಕೆಯನ್ನು ಕರೆತಂದ, ಬಿಡುವುದಕ್ಕಲ್ಲ, ಪೆಟ್ಟಿಗೆ ಒಯ್ಯುವುದಕ್ಕೆ.

"ಸ್ಕೂಲು ಸಾಕು ಸಾ. ಅರಕಲಗೂಡಲ್ಲಿ ಇವಳ ಚಿಕ್ಕಮ್ಮನ ಮನೇಲಿ ಬುಟ್ಬುಡ್ತೀನಿ. ನಮ್ಮವ್ವ ಇವಳ ಮಕ ಕಂಡ್ರೆ ಅನ್ನ ಮುಟ್ಟಕಿಲ್ಲ ಅಂತ ಕುಂತವಳೆ."

ನಾನು ಒಂದು ವಾರದ ಗಡುವು ಬೇಡಿದೆ. ಆ ವಾರವೆಲ್ಲ ಕೈಮಾತಿನಲ್ಲಿ ಕೇಳಿದೆ, ನಡೆದದ್ದೇನೆಂದು. ಆಕೆ ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ಕುಳಿತಿರುತ್ತಿದ್ದಳು. ಮಾತು ಕೈಯಲ್ಲಿರುವವರಿಗೆ ಅದೇ ಮೌನ. ಐದನೆಯ ದಿನ ಬಂದು ಯಂತ್ರವನ್ನು ನನ್ನ ಮೇಜಿನ ಮೇಲಿಟ್ಟಳು.

ಗುಂಡಿ ಒತ್ತಿದೆ. ಕಡ್ಡಿಗೆರೆಯ ಪುಟ್ಟ ಆಕೃತಿ ಏರಿಯ ಮೇಲೆ ನಡೆಯಿತು, ಜಾರಿತು. ಜಡೆಯ ಆಕೃತಿ ಓಡಿತು. ಹೆಗಲಲ್ಲಿ ಟವೆಲಿದ್ದ ಗಂಡಸಿನ ಆಕೃತಿಯ ಟವೆಲನ್ನು ಹಿಡಿದು ಎಳೆಯಿತು. ಅಲ್ಲಿಗೆ ಚಿತ್ರ ನಿಂತುಬಿಟ್ಟಿತು. ಯಂತ್ರ ಹಳೆಯದು, ಕೆಟ್ಟಿತೆಂದುಕೊಂಡು ಗುಂಡಿ ಒತ್ತಿ ನಿಲ್ಲಿಸಿ, ನನ್ನ ಅಭ್ಯಾಸದಂತೆ ಒಂದೊಂದೇ ಪುಟವನ್ನು ತಿರುವಿದೆ. ಒಟ್ಟು ನೂರನಲವತ್ತನಾಲ್ಕು ಪುಟ. ನಡುವೆ ಒಂದೇ ಪುಟ ಮತ್ತೆ ಮತ್ತೆ ಬಂದಿತ್ತು. ನಕಲು ಮಾಡುವ ಗುಂಡಿಯ ಮೇಲೆ ಮಗುವಿನ ಬೆರಳು ಉಳಿದುಹೋಗಿದೆ ಎಂದು ತೀರ್ಮಾನಿಸಿದೆ. ಒಂದನ್ನು ಉಳಿಸಿಕೊಂಡು ತೊಂಬತ್ತಾರನ್ನು ಬಿಟ್ಟೆ. ಮಿಕ್ಕ ನಲವತ್ತೆಂಟು ಪುಟಗಳ ಫೋಟೊ ತೆಗೆಸಿ, ಮುದ್ರಿಸಿ, ಅಂಕೆ ಹಾಕಿ ಲಕೋಟೆಯಲ್ಲಿಟ್ಟೆ. ಪಾಠ ಶುದ್ಧವಾಯಿತೆಂಬ ತೃಪ್ತಿಯೂ ನನಗಿತ್ತು.

ಶನಿವಾರ ಅಣ್ಣತಮ್ಮಂದಿರಿಬ್ಬರೂ ಬಂದರು. ನಾನು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಹುಡುಗಿಯ ಓಟವೇ ಹದಿನಾಲ್ಕು ಹಾಳೆ. ಟವೆಲು ಹಿಡಿದದ್ದು ಒಂದು ಹಾಳೆ. ಮುಂದಿನ ಹಾಳೆಯಲ್ಲೇ ಗಂಡಸು ನೀರಿನಲ್ಲಿದ್ದ.

ನಂಜೇಗೌಡ ಬೆರಳಿಟ್ಟು ಎಣಿಸಿದ. "ನೀವೇ ನೋಡಿ ಸಾ. ಇವಳು ಓಗಿ ಏಳಿದ್ ತಕ್ಷಣ ನಮ್ಮಣ್ಣ ಇಳ್ದವ್ನೆ. ಓಡ್ತಾ ಓಡ್ತಾ ಇರೋಳು ಇವಳೇಯ. ಮದುವೆ ದಿಬ್ಬಣ ಓದಂಗೆ ಓಗವ್ಳೆ!"

ಸ್ವಾಮಣ್ಣ ಹಾಳೆಗಳನ್ನು ಮುಟ್ಟಲಿಲ್ಲ. "ಬುಡ್ಲಾ ನಂಜ, ಕೂಸು ಅದು," ಎಂದು ಮುಖ ತಿರುಗಿಸಿದ. ಅವನ ಕರುಣೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಲಾವಣ್ಯ ಮೇಜಿನ ಸುತ್ತ ಒಂದು ಸಲ ಬಂದಳು. ಖಾಲಿ ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಬಗ್ಗಿ ಮೇಜಿನ ಕೆಳಗೆ ನೋಡಿದಳು, ನನ್ನ ಕುರ್ಚಿಯ ಕೆಳಗೂ ನೋಡಿದಳು. ಬಳಿಕ ನನ್ನೆದುರು ನಿಂತು ನನ್ನ ಮುಖವನ್ನೇ ನೋಡತೊಡಗಿದಳು. ಮಗುವಿಗೆ ದಿಗಿಲಾಗಿದೆ ಎಂದುಕೊಂಡು 'ಆಯಿತು, ಕುಳಿತುಕೊ' ಎಂದು ಸಂಜ್ಞೆ ಮಾಡಿದೆ. ಆಕೆ ಕುಳಿತುಕೊಳ್ಳಲಿಲ್ಲ. ಪೆಟ್ಟಿಗೆ ಕಟ್ಟಲು ಮತ್ತೊಂದು ದಿನ ಬೇಕಾಯಿತು. ಭಾನುವಾರ ಸಂಜೆ ತಂದೆ ಕರೆದೊಯ್ದ. ಆ ಒಂದು ದಿನ ಆಕೆಯ ಕೈಯಲ್ಲಿದ್ದ ಯಂತ್ರ, ಆಕೆ ಹೋದ ಮೇಲೆ ನೋಡಿದರೆ ನನ್ನ ಮೇಜಿನ ಮೇಲಿತ್ತು. ಮರೆತಿದ್ದಾಳೆಂದು ಚಿತ್ರಕಲೆಯ ಶಿಕ್ಷಕಿ ಮಂಜುಳಾ ಅವರ ಕೈಗೆ ಕೊಟ್ಟು ಎತ್ತಿಡಲು ಹೇಳಿದೆ.

ಹತ್ತು ದಿನದ ಮೇಲೆ ಅವರ ತರಗತಿಯ ಬಾಗಿಲಲ್ಲಿ ಹಾದುಹೋಗುತ್ತಿದ್ದೆ. ಅವರು ಯಂತ್ರ ಹಿಡಿದು ಕುಳಿತಿದ್ದರು. ಸುತ್ತ ಎಂಟು ಮಕ್ಕಳು. ನಾನೂ ಹಿಂದೆ ನಿಂತು ನೋಡಿದೆ. ಜಾರಿತು, ಓಡಿತು, ಟವೆಲು ಹಿಡಿಯಿತು. ಚಿತ್ರ ನಿಂತಿತು.

"ಮತ್ತೆ ಕೆಟ್ಟಿತೇನಮ್ಮ?" ಎಂದು ಕೈ ಚಾಚಿದೆ.

"ಇರಿ ಸರ್. ಕೆಟ್ಟಿಲ್ಲ. ಅವನು ನಿಂತವ್ನೆ."

ಮಕ್ಕಳಲ್ಲಿ ಒಬ್ಬರೂ ಅಲುಗಲಿಲ್ಲ. ಯಂತ್ರ ಕೆಟ್ಟಿದೆಯೆಂದು ಒಬ್ಬರಿಗೂ ಅನ್ನಿಸಿರಲಿಲ್ಲ. ನಾನು ಅರಿವಿಲ್ಲದೆಯೇ ಹೆಬ್ಬೆರಳನ್ನು ಬೆರಳಗೆಣ್ಣುಗಳ ಮೇಲೆ ಓಡಿಸುತ್ತ ಎಣಿಸತೊಡಗಿದ್ದೆ. ಪ್ರತಿದಿನ ಬೆಳಿಗ್ಗೆ ಜಪದಲ್ಲಿ ಎಣಿಸುವ ಹಾಗೆಯೇ. ನಲವತ್ತೆಂಟು ಸೆಕೆಂಡು. ಅಷ್ಟು ಹೊತ್ತು ಆ ಹುಡುಗಿ ಟವೆಲು ಹಿಡಿದಿದ್ದಳು, ಅಷ್ಟು ಹೊತ್ತು ಆ ಗಂಡಸು ನಿಂತಿದ್ದ. ನಾನು ಕಸವೆಂದು ಬಿಟ್ಟದ್ದೇ ಆಕೆಯ ಸಾಕ್ಷ್ಯವಾಗಿತ್ತು.

"ಇನ್ನೊಂದೈತೆ ಸರ್," ಎಂದರು ಮಂಜುಳಾ, ನನ್ನ ಮುಖ ನೋಡದೆ. "ಓಗೋಕೆ ಮುಂಚೆ ಬರ್ದವಳೆ."

ಅದರಲ್ಲಿ ಒಂದು ಮೇಜು. ಮೇಜಿನ ಹಿಂದೆ ಹಣೆಯಲ್ಲಿ ಮೂರು ಗೆರೆಯ ನಾಮವಿದ್ದ, ಕನ್ನಡಕದ ಮುದುಕ. ಎದುರು ಜಡೆಯ ಆಕೃತಿ. ಮುದುಕ ಕದಲಲಿಲ್ಲ. ಒಂದೇ ಪುಟ, ಒಂದೇ ಪುಟ; ಇನ್ನು ಪುಟವಿಲ್ಲ ಎಂದು ಯಂತ್ರವೇ ಹೇಳುವವರೆಗೂ ಆಕೆ ಅದನ್ನು ನಕಲು ಮಾಡಿದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಹಳೇಕೋಟೆಗೆ ಹೋದೆ. ಅಜ್ಜಿ, ಅಣ್ಣತಮ್ಮಂದಿರು, ಲಾವಣ್ಯಳ ತಾಯಿ ರತ್ನಮ್ಮ ಜಗುಲಿಯಲ್ಲಿದ್ದರು. ತಪ್ಪು ನನ್ನದೆಂದು ಹೇಳಿ ಯಂತ್ರವನ್ನು ನಡುವೆ ಇಟ್ಟು ಓಡಿಸಿದೆ. ಚಿತ್ರ ನಿಂತಿತು. ಹತ್ತು ಸೆಕೆಂಡಿಗೆ ಅಜ್ಜಿ, "ಏನ್ಲಾ ಅದು, ಬ್ಯಾಟ್ರಿ ಓಯ್ತಾ?" ಎಂದರು. ಇಪ್ಪತ್ತಾಯಿತು. ಮೂವತ್ತಾಗುವ ಹೊತ್ತಿಗೆ ಸ್ವಾಮಣ್ಣ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

"ಈಜು ಬರಕಿಲ್ಲ ಕಣ್ಲಾ ನಂಜ. ಕಾಲು ಕಿತ್ತಿಡಕ್ಕೇ ಆಗ್ಲಿಲ್ಲ. ಇವಳು ಎಳೀತಾನೇ ಇದ್ಲು, ಎಳೀತಾನೇ ಇದ್ಲು." ಅಷ್ಟು ಹೇಳಿ ಮುಖದಿಂದ ಕೈ ತೆಗೆದ. "ನೀರು ಸೊಂಟುದ್ದ ಇತ್ತು. ಇಳಿದ್ಮೇಲೆ ಗೊತ್ತಾಯ್ತು."

ನಂಜೇಗೌಡ ಎದ್ದ. "ಮುಗಿದೋದ್ದು ಮೇಷ್ಟ್ರೇ. ಊರಿಗೆ ಗೊತ್ತಾಗದು ಬ್ಯಾಡ. ಇರೋನು ಒಬ್ಬ ಅಣ್ಣ," ಎಂದು ದನದ ಕೊಟ್ಟಿಗೆಯ ಕಡೆಗೆ ನಡೆದುಬಿಟ್ಟ. ಮಗಳ ಹೆಸರನ್ನು ಅವನು ಎತ್ತಲಿಲ್ಲ. ನಾನು ಯಂತ್ರವನ್ನೆತ್ತಿಕೊಂಡು ಹಿಂದಿರುಗಿದೆ.

ಸೋಮವಾರ ಹತ್ತೂವರೆಗೆ ರತ್ನಮ್ಮ ಒಬ್ಬರೇ ಅರಕಲಗೂಡಿಗೆ ಹೋಗಿ ಮಗಳನ್ನು ಕರೆದುಕೊಂಡು ನೇರವಾಗಿ ಶಾಲೆಗೆ ಬಂದರು. ಯಾರನ್ನೂ ಕೇಳಿ ಬಂದಿರಲಿಲ್ಲ. "ಎಲ್ಡು ಮಕ್ಳನ್ನೂ ನೀರಿಗಾಕಕ್ಕಾಗಕಿಲ್ಲ ಸಾ," ಎಂದಷ್ಟೇ ಹೇಳಿ ಪೆಟ್ಟಿಗೆ ಇಳಿಸಿದರು. ಅಜ್ಜಿ ಸಾಯುವವರೆಗೂ ಮೊಮ್ಮಗಳನ್ನು ಮಾತನಾಡಿಸಲಿಲ್ಲವೆಂದು ಕೇಳಿದೆ. ಊರಿನ ಬಾಯಲ್ಲಿ ಮಗುವನ್ನು ಎತ್ತಿತಂದವನು ಇಂದಿಗೂ ಸ್ವಾಮಣ್ಣನೇ, ತಡಮಾಡಿದವಳು ಇಂದಿಗೂ ಆ ಕಿವುಡಿಯೇ.

ನಾನು ಯಂತ್ರವನ್ನು ಲಾವಣ್ಯಳ ಕೈಗೆ ಕೊಟ್ಟು, ನೆಲದ ಮೇಲೆ ಆಕೆಯ ಮಟ್ಟಕ್ಕೆ ಕುಳಿತು, ಕೈಮಾತಿನಲ್ಲಿ ಕ್ಷಮೆ ಕೇಳಿದೆ. ಆಕೆ ಯಂತ್ರವನ್ನು ತೆರೆದು, ಮುದುಕನ ಚಿತ್ರವನ್ನು ಒಂದು ಸಲ ನೋಡಿ, ಮಡಚಿ ಚೀಲದಲ್ಲಿಟ್ಟುಕೊಂಡಳು. ಅಳಿಸಲಿಲ್ಲ. ನಾನು ನಿವೃತ್ತನಾಗುವವರೆಗೂ ಆಕೆ ಅದರಲ್ಲಿ ಮತ್ತೊಂದು ಗೆರೆ ಎಳೆದದ್ದನ್ನು ನಾನು ಕಾಣಲಿಲ್ಲ.

ಮೂವತ್ತು ವರ್ಷ ಮಕ್ಕಳ ಮಾತನ್ನು ಓದಿದವನು ನಾನು. ಒಂದೇ ನಾಮವನ್ನು ನೂರೆಂಟು ಸಲ ಹೇಳುವವನು, ಒಂದನ್ನು ಉಳಿಸಿಕೊಂಡು ನೂರ ಏಳನ್ನು ಬಿಡುವುದಿಲ್ಲ. ಸ್ವಾಮಿಯ ಎದುರು ಅಷ್ಟು ಹೊತ್ತು ಕುಳಿತದ್ದೇ ಜಪ. ದಿನವೂ ಅದನ್ನು ಮಾಡುತ್ತಿದ್ದವನಿಗೆ ಒಂದು ಮಗು ಅದನ್ನೇ ಮಾಡಿದಾಗ ಗುರುತು ಸಿಗಲಿಲ್ಲ. ಅಂದಿನಿಂದ ಯಾವ ಮಗು ನನ್ನೆದುರು ಸುಮ್ಮನೆ ನಿಂತರೂ ಕುಳಿತುಕೊಳ್ಳೆಂದು ನಾನು ಹೇಳಿದ್ದಿಲ್ಲ. ಎದ್ದು ನಿಂತು ಎಣಿಸುತ್ತೇನೆ.