ಪರಸ್ಥಾನದ ಗಂಟು

ಕೊರಟಗೆರೆ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದ ನನ್ನ ಯಜಮಾನರಿಗೆ ಸಮುದ್ರದ ಹುಚ್ಚು ಹಿಡಿಯಿತು. ಗಂಡನ ಹೆಸರು ಹೇಳುವವಳಲ್ಲ ನಾನು. ಊರಿನವರು ಪರ್ವತಯ್ಯ ಎನ್ನುತ್ತಿದ್ದರು. ಜರ್ಮನಿಯ ಮೇಲೆ ಮೊದಲ ಯುದ್ಧ ನಡೆಯುತ್ತಿದ್ದ ಕಾಲ. ಸಮುದ್ರದಾಚೆಯ ಬಸ್ರಾದಲ್ಲಿ ಗಾಯಗೊಂಡ ಸಿಪಾಯಿಗಳ ಆರೈಕೆಗೆ ಸಂಬಳ ಕೇಳದೆ ಬರುವವರು ಬೇಕಂತೆ ಎಂಬ ಸುದ್ದಿ ಬಂತು. ಈ ಮಹಾನುಭಾವರು ಮನೆಯಲ್ಲಿ ಒಂದು ಮಾತೂ ಕೇಳದೆ ಅರ್ಜಿ ಹಾಕಿಬಂದರು. ಹೆಸರು ಬರೆದುಕೊಂಡಿದ್ದೇವೆ, ಕರೆ ಬಂದಾಗ ಹೊರಡಿ ಎಂದು ಉತ್ತರವೂ ಬಂತು.

ಒಳ್ಳೆಯ ದಿನ ಹೊರಡಲಾಗದಿದ್ದರೆ, ಆ ದಿನ ಗಂಟನ್ನಾದರೂ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು ನಮ್ಮಲ್ಲಿ ರೂಢಿ. ಅದೇ ಪರಸ್ಥಾನ. ಗಂಟು ಹೊಸಿಲು ದಾಟಿತೆಂದರೆ ಪ್ರಯಾಣ ಶುರುವಾದ ಹಾಗೆ. ಹೋಗಿಬರುವ ತನಕ ಅದು ಮನೆಗೆ ಮರಳುವಂತಿಲ್ಲ. ಯಾರಾದರೂ ಎರಡು ಮೂರು ದಿನಕ್ಕೆ ಇಡುತ್ತಾರೆ. ಇವರೋ, ಕರೆ ಬರುವ ಮೊದಲೇ ಕಂಬಳಿ, ಒಳ್ಳೆಯ ಪಂಚೆ, ಹುರಿಹಿಟ್ಟು ಎಲ್ಲ ಕಟ್ಟಿ ಊರ ಕೊನೆಯ ಬಸವಮ್ಮನ ಮನೆಯಲ್ಲಿ ಇಟ್ಟು ಬಂದರು!

ಮಳೆಗಾಲ ಹೋಯಿತು, ಚಳಿ ಬಂತು, ಕರೆ ಬರಲಿಲ್ಲ. ಮನೆಯಲ್ಲಿದ್ದ ಒಂದೇ ಒಳ್ಳೆಯ ಕಂಬಳಿ ಆ ಗಂಟಿನಲ್ಲಿತ್ತು.

"ಕಂಬಳಿನಾದ್ರೂ ತಂದ್ಕೊಡ್ರಿ, ನಡುಗಿ ಸಾಯ್ತಿದೀನಿ" ಎಂದೆ.

"ಲೇ, ಅದು ದಾರೀಲೈತೆ ಕಣೇ!" ಎಂದರು.

ಸಂಜೆಯಾದರೆ ಹೋಗಿ ಗಂಟಿನ ಪಕ್ಕ ಕೂತುಬಿಡುತ್ತಿದ್ದರು. "ಪರ್ವತಯ್ಯನೋರೆ, ಇವತ್ತು ಎಲ್ಲೀಗಂಟ ಹೋಯ್ತು ನಿಮ್ ಗಂಟು?" ಎಂದು ಬಸವಮ್ಮ ಕೀಟಲೆ ಮಾಡುತ್ತಿದ್ದಳು. "ಬೊಂಬಾಯಿ ದಾಟ್ತು ಕಣವ್ವ" ಎನ್ನುತ್ತಿದ್ದರು, ನಗದೆ. ಬೆಳಗಿನ ಮಂಜಿನಲ್ಲಿ ಸಿದ್ದರಬೆಟ್ಟ ಬುಡವಿಲ್ಲದೆ ತೇಲುತ್ತಿದ್ದರೆ ನನ್ನನ್ನು ಜಗಲಿಗೆ ಕರೆದು, "ಹಡಗು ನೋಡೇ" ಎನ್ನುತ್ತಿದ್ದರು. ನಾನೋ, ಕರೆ ಬಾರದಿರಲಪ್ಪ ಎಂದು ಅದೇ ಬೆಟ್ಟದ ಸಿದ್ದೇಶ್ವರನಿಗೆ ಕೈ ಮುಗಿಯುತ್ತಿದ್ದೆ.

ಮುಂದಿನ ವರ್ಷ ಯುದ್ಧ ಮುಗಿಯಿತು. ಇನ್ನು ಯಾರೂ ಬರುವುದು ಬೇಡ ಎಂದು ಕಾಗದ ಬಂತು. ನಾನು ಬೇಡಿದ್ದೇ ಆಗಿತ್ತು, ಆದರೂ ಅವರ ಮುಖ ನೋಡಿ ನನಗೆ ಊಟ ಸೇರಲಿಲ್ಲ. ಬಸವಮ್ಮನ ಬೀದಿಯ ಕಡೆಗೇ ಅವರು ಹೋಗುತ್ತಿರಲಿಲ್ಲ. ಗಂಟಿನ ಮಾತೆತ್ತಿದರೆ, "ಅಲ್ಲೇ ಕೊಳೀಲಿ ಬುಡು" ಎನ್ನುತ್ತಿದ್ದರು.

ಏನಾದರೂ ನೆಪ ಹೇಳಿ ಗಂಟು ಹೊರಿಸಿ ಕಳಿಸು ಎಂದು ನಾನೇ ಹೋಗಿ ಬಸವಮ್ಮನ ಕಿವಿಯಲ್ಲಿ ಹೇಳಿ ಬಂದೆ. ಅವಳು ಜೋರು ಹೆಂಗಸು, ಆಸ್ಪತ್ರೆಗೇ ಹೋಗಿ, "ಮನೆ ಸುಣ್ಣ ಬಳೀಬೇಕು, ನಿಮ್ ಗಂಟು ಎತ್ಕೊಂಡು ಹೋಗ್ರಪ್ಪ" ಎಂದು ಗದರಿಸಿದಳು.

ಸಂಜೆ ಗಂಟು ಹೊತ್ತು ಬಂದವರು ಹೊಸಿಲಾಚೆಯೇ ನಿಂತುಬಿಟ್ಟರು. ಎಲ್ಲಿಗೂ ಹೋಗದ ಗಂಟನ್ನು ಒಳಗೆ ತರುವುದು ಹೇಗೆ? ತಲೆ ಎತ್ತಲಾರದೆ ನಿಂತಿದ್ದರು, ಪಾಪ. ನಾನು ಚೆಂಬಿನಲ್ಲಿ ನೀರು ತಂದು ಅವರ ಕಾಲಿಗೆ ಹೊಯ್ದೆ. ದೂರದ ಊರಿಂದ ಬಂದವರಿಗೆ ಮಾಡುವಂತೆ ನಿವಾಳಿಸಿ ಆರತಿ ಎತ್ತಿದೆ.

"ಬಂದ್ರಾ? ಸಣ್ಣಗಾಗ್ಬುಟ್ಟಿದೀರಲ್ಲ! ಸಮುದ್ರ ಹೆಂಗಿತ್ತು?" ಎಂದೆ.

ಬೈಯುತ್ತಾರೇನೋ ಅಂದುಕೊಂಡಿದ್ದೆ. ಹೊಸಿಲು ದಾಟಿ ಒಳಗೆ ಬಂದು ಗಂಟು ಇಳಿಸಿದರು. ಕಂಬಳಿ ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು.

"ದೊಡ್ಡದು ಕಣೇ" ಎಂದರು. ಕಂಬಳಿಯ ಅಂಚು ಎಳೆದು ಸರಿಮಾಡುತ್ತ, "ನಿನ್ನ ಬುಟ್ಟು ಒಬ್ನೇ ಹೋಗ್ಬಾರ್ದಿತ್ತು" ಎಂದು ಅತ್ತೇಬಿಟ್ಟರು.