ಬಿಗಿದವರದೇ ಮೊದಲ ಸವಾರಿ

ನನ್ನ ಸೋದರಮಾವನಿಗೆ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಉಳಿದ ಅರ್ಧ ಒಣಗಿದ ಹುಣಿಸೆ ಸಿಪ್ಪೆಯ ಹಾಗೆ ಮುರುಟಿಕೊಂಡಿತ್ತು. ಸೋಮನೂರಿನಲ್ಲಿದ್ದ ಅವರ ಪವರ್‌ಲೂಮ್ ಶೆಡ್ಡಿನಲ್ಲಿ ಒಂದು ಮಗ್ಗದ ನಟ್ಟು ಸಡಿಲವಾಗಿ, ಓಡುತ್ತಿದ್ದ ಲಾಳಿ ಹಾದಿ ತಪ್ಪಿ ಹಾರಿ ಬಂದು ಕಿವಿಯನ್ನು ಹರಿದುಕೊಂಡು ಹೋಗಿತ್ತು. ಆ ಲಾಳಿಯ ಎರಡು ತುದಿಗೂ ಉಕ್ಕಿನ ಮೊನೆ ಇರುತ್ತದೆ. ಅದು ಎದುರಿನ ಗೋಡೆಯ ಗಾರೆಯನ್ನು ಕಿತ್ತು ಕೆಳಗೆ ಬಿದ್ದಿತ್ತಂತೆ. ಮಾವ ಆಸ್ಪತ್ರೆಗೆ ಓಡಲಿಲ್ಲ. ಹೆಗಲ ಮೇಲಿನ ಟವೆಲನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಸ್ಪ್ಯಾನರ್ ತಂದು ಆ ನಟ್ಟನ್ನು ಬಿಗಿದರು. ಆಮೇಲೆ ಮಗ್ಗಕ್ಕೆ ಜಾಡಿಸಿ ಒದ್ದರು. ಹಾಗಾಗಿ ಆಸ್ಪತ್ರೆಯಲ್ಲಿ ಕಿವಿಗೊಂದು, ಕಾಲ್ಬೆರಳಿಗೊಂದು, ಎರಡು ಕಟ್ಟು ಹಾಕಿಸಿಕೊಂಡು ಬಂದರು.

ಮಾವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ತಲೆಮಾರುಗಳಿಂದ ತಮಿಳು ಸೀಮೆಯಲ್ಲೇ ಇರುವ ನಮ್ಮ ನೇಕಾರರ ಮನೆಗಳಲ್ಲಿ ಯಾರಿಗೂ ಬರುವುದಿಲ್ಲ. ಮಾತು ಕನ್ನಡ, ಅಕ್ಷರ ತಮಿಳು. ಮೈಸೂರಿನಲ್ಲಿ ದಂತವೈದ್ಯ ಓದುವಾಗ ನಾನೊಬ್ಬಳು ಅಕ್ಷರ ಕಲಿತುಕೊಂಡು ಬಂದೆ. ಅದಕ್ಕೇ ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಓದಲು ಬರುತ್ತಿದ್ದಿದ್ದರೆ ಈ ಕಾಗದವನ್ನು ಹರಿದು ನನ್ನ ಮುಖಕ್ಕೇ ಎಸೆಯುತ್ತಿದ್ದರು.

ಅವರ ಕೈ ಸುಮ್ಮನಿರುವ ಕೈಯಲ್ಲ. ಚಿತ್ರ ಬರದ ಟಿವಿಗೆ ಗುದ್ದಿದ್ದಾರೆ. ಸ್ಟಾರ್ಟ್ ಆಗದ ಮೊಪೆಡ್ಡನ್ನು ಎತ್ತಿ ಕಾಲುವೆಗೆ ಹಾಕಿ, ತಾವೇ ಇಳಿದು ಎತ್ತಿಕೊಂಡು ಬಂದಿದ್ದಾರೆ. ನೂಲಿನ ಏಜೆಂಟನೊಬ್ಬ ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಲು ಬಂದಾಗ ಅವನ ಕಾಲರ್ ಹಿಡಿದು ಬೀದಿಯವರೆಗೂ ನಡೆಸಿಕೊಂಡು ಹೋಗಿದ್ದಾರೆ. ಆ ಕೈ ನನಗೆ ಇಷ್ಟವಿತ್ತು ಎಂದರೆ ಸುಳ್ಳಾಗುತ್ತದೆ. ಮದುವೆಯಾದ ಹೊಸತರಲ್ಲಿ ಅದು ಅತ್ತೆಯ ಮೇಲೂ ಎದ್ದಿತ್ತು. ಅತ್ತೆ ಒಂದು ದಿನ ಮಗ್ಗದ ಮರದ ಹಲಗೆ ಎತ್ತಿಕೊಂಡು ಮೊಣಕಾಲಿಗೆ ಬಾರಿಸಿದರು. ಅಲ್ಲಿಗೆ ಅದು ನಿಂತಿತು. ಈ ಕಥೆಯನ್ನು ಅತ್ತೆ ನಗುತ್ತಾ ಹೇಳುವವರು. ನನಗೆ ಇವತ್ತಿಗೂ ನಗು ಬರುವುದಿಲ್ಲ.

ಶೆಡ್ಡಿನಲ್ಲಿ ಅವರದು ಒಂದೇ ಕಾನೂನು. ರಿಪೇರಿಯಾದ ಮಗ್ಗವನ್ನು ಮತ್ತೆ ಓಡಿಸುವಾಗ, ಅದರ ನಟ್ಟು ಬಿಗಿದವನು ಒಬ್ಬನೇ ಅದರ ಮುಂದೆ ನಿಲ್ಲಬೇಕು. ಬೇರೆ ಎಲ್ಲರೂ ಬಾಗಿಲ ಹೊರಗೆ. ಲಾಳಿ ಹಾರಿದರೆ ಬಿಗಿದವನ ಮೈಗೇ ಹಾರಲಿ ಎನ್ನುವುದು ಲೆಕ್ಕ. ಮಾವ ತಾವು ಬಿಗಿದ ಮಗ್ಗಗಳ ಮುಂದೆ ಎದೆಯೊಡ್ಡಿ ನಿಂತಿದ್ದನ್ನು ನಾನೂ ಬಾಗಿಲಾಚೆಯಿಂದ ನೋಡಿದ್ದೇನೆ.

ನನ್ನ ಅಪ್ಪನಿಗೆ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವ ಗೀಳು. ಆರ್.ಎಸ್. ಪುರಂನ ನಮ್ಮ ಮನೆಯಿಂದ ಪಾಲಕ್ಕಾಡ್ ರಸ್ತೆ ಹಿಡಿದು ಮದುಕ್ಕರೈ ದಾಟಿ ಹೋಗಿ, ಟೀ ಕುಡಿದು ವಾಪಸಾಗುತ್ತಿದ್ದರು. ನಾನು ಶಾಲೆಯಲ್ಲಿದ್ದಾಗ ಒಂದು ಭಾನುವಾರ ಮದುಕ್ಕರೈ ಹತ್ತಿರ ಲಾರಿಯೊಂದು ಅವರ ಮೇಲೆ ಹರಿಯಿತು. ನಮಗಿಂತ ಮೊದಲು ಅಲ್ಲಿಗೆ ತಲುಪಿದ್ದು, ಆವತ್ತು ನಮ್ಮ ಮನೆಗೆ ಬಂದಿದ್ದ ಮಾವ. ಅವರು ಲಾರಿಯ ಡ್ರೈವರನ್ನು ಕೆಳಗೆಳೆದು ಹೊಡೆದರು. ಜನ ಬಿಡಿಸುವವರೆಗೂ ಹೊಡೆದರು. ಬಹಳ ವರ್ಷಗಳಾದ ಮೇಲೆ ಆ ದಿನದ ಬಗ್ಗೆ ಕೇಳಿದಾಗ, ನನ್ನನ್ನು ಮುದ್ದಿಗೆ ಅಮ್ಮಿಣಿ ಎನ್ನುತ್ತಿದ್ದ ಮಾವ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಅವನ್ ಮೂಗಲ್ಲಿ ರಕ್ತ ಬಂತು ಅಮ್ಮಿಣಿ. ನಿಮ್ಮಪ್ಪ ಏಳ್ಲೇ ಇಲ್ಲ."

ಅಮ್ಮ ಆವತ್ತಿನಿಂದ ಎರಡು ಚಕ್ರದ ಯಾವುದನ್ನೂ ಮನೆಯ ಗೇಟಿನೊಳಗೆ ಬಿಡಲಿಲ್ಲ. ನಾನು ಡಾಕ್ಟರಾಗಿ, ಕ್ಲಿನಿಕ್ ತೆರೆದು, ಊರಿನವರ ಹಲ್ಲು ಕೀಳುವಷ್ಟು ದೊಡ್ಡವಳಾದರೂ ಬಿಡಲಿಲ್ಲ. ನನ್ನೊಳಗೂ ಮಾವನ ರಕ್ತವೇ ಇತ್ತಲ್ಲ, ನನಗೆ ಆ ರಸ್ತೆಯ ಮೇಲೆ ಸಿಟ್ಟು. ಅಪ್ಪ ಬಿದ್ದ ಜಾಗದವರೆಗೆ ಸೈಕಲಿನಲ್ಲೇ ಹೋಗಿ, ಅದನ್ನು ದಾಟಿ, ಟೀ ಕುಡಿದು ಜೀವಂತವಾಗಿ ವಾಪಸು ಬರಬೇಕು ಎನ್ನುವುದೊಂದೇ ಆಸೆ. ಕಾರಿನಲ್ಲಿ ಆ ಜಾಗ ದಾಟುವಾಗಲೆಲ್ಲ ನಾನು ಹಲ್ಲು ಕಚ್ಚುತ್ತಿದ್ದೆ. ಹಲ್ಲು ಕಚ್ಚಬೇಡಿ ಎಂದು ರೋಗಿಗಳಿಗೆ ಬೋಧನೆ ಮಾಡುವವಳು ನಾನೇ.

ಒಂದು ದೀಪಾವಳಿಗೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ, ರೋಡ್ ಬೈಕ್ ಕೊಳ್ಳುತ್ತೇನೆ ಎಂದು. ಅಮ್ಮ ಅನ್ನದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಮಾವ ಎಲೆಯಿಂದ ತಲೆ ಎತ್ತದೆ ಕೇಳಿದರು: "ಅದ್ ಎಂಗಿರ್ತದೆ?" ಫೋನಿನಲ್ಲಿ ಚಿತ್ರ ತೋರಿಸಿದೆ. ಸಪೂರ ಚಕ್ರ, ಆಡಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್. "ಇದೇನ್ ಅಮ್ಮಿಣಿ, ಸಾಮಿಗೆ ಬಿದ್ದು ಕುಂಬಿಡೋ ಮಾದ್ರಿ ಕೂತ್ಕೊಳ್ಳೋದು!" ಎಂದು ನಕ್ಕರು. ಆಮೇಲೆ ಅಮ್ಮನ ಕಡೆ ತಿರುಗಿ, "ಬಿಡು ತಂಗಿ. ನಾನ್ ಪಾತ್ಕೊಳ್ತೀನಿ," ಎಂದರು. ನೋಡಿಕೊಳ್ಳುತ್ತೇನೆ ಎಂದು ಅವರು ಮಾತು ಕೊಟ್ಟ ಮೇಲೆ ಅಮ್ಮ ಪಾತ್ರೆ ಎತ್ತಿಕೊಂಡು ಮತ್ತೆ ಬಡಿಸತೊಡಗಿದಳು. ಅಣ್ಣನ ಮಾತನ್ನು ಅವಳು ಎಂದೂ ಮೀರಿದವಳಲ್ಲ.

ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯೊಂದರ ಮ್ಯಾನೇಜರ್ ತಮ್ಮ ಸೈಕಲ್ ಮಾರುತ್ತಿದ್ದರು. ಕಾರ್ಬನ್ನಿನದು, ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಮಾವ ಎತ್ತಿ ನೋಡಿ, ಮೋಸಹೋದವರ ಹಾಗೆ ಮುಖ ಮಾಡಿದರು. ವ್ಯಾನಿನಲ್ಲಿ ಹಿಡಿಸಲೆಂದು ಹ್ಯಾಂಡಲ್, ಸೀಟು, ಪೆಡಲ್ ಬಿಚ್ಚಬೇಕಾಯಿತು. ಆ ಮ್ಯಾನೇಜರ್ ಒಳ್ಳೆಯ ಮನುಷ್ಯ. ಕಾರ್ಬನ್ ಗಟ್ಟಿ ನಿಜ, ಆದರೆ ಅತಿಯಾಗಿ ಬಿಗಿದರೆ ಒಳಗೊಳಗೇ ಸೀಳುತ್ತದೆ ಎಂದು ಎಚ್ಚರಿಸಿ, ಒಂದು ಸ್ಪ್ಯಾನರ್ ಕೊಟ್ಟರು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು ಎಂದರು. ಮಾವ ವಿನಯವಾಗಿ ತಲೆಯಾಡಿಸಿದರು. ವ್ಯಾನ್ ಹತ್ತಿದ ಮೇಲೆ ಅದನ್ನು ಸೀಟಿನಡಿಗೆ ಎಸೆದರು. "ನಲವತ್ತು ವರ್ಷ ತರಿ ಕಟ್ಟಿದೋನು ನಾನು. ಸ್ಪ್ಯಾನರ್ ನಂಗೆ ಬುದ್ಧಿ ಹೇಳ್ತದಾ?" ತರಿ ಎಂದರೆ ನಮ್ಮ ಮನೆಮಾತಿನಲ್ಲಿ ಮಗ್ಗ.

ಸೈಕಲ್ ಜೋಡಿಸಿದ್ದು ಸೋಮನೂರಿನ ಶೆಡ್ಡಿನಲ್ಲೇ. ಅಮ್ಮನೂ ಬಂದಿದ್ದಳು, ಕೋರ್ಟಿಗೆ ಬಂದ ಸಾಕ್ಷಿಯ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಮಗ್ಗಗಳೆಲ್ಲ ಓಡುತ್ತಿದ್ದವು; ಪಕ್ಕದವರ ಮಾತು ಕೇಳಬೇಕಾದರೆ ಕಿವಿಗೆ ಬಾಯಿಟ್ಟು ಅರಚಬೇಕು. ಮಾವ ಸೀಟನ್ನು ನನ್ನ ಸೊಂಟದ ಎತ್ತರಕ್ಕೆ ಹಿಡಿದು ಗುರುತು ಮಾಡಿದರು, ಪೆಡಲ್ ತಿರುಗಿಸಿದರು, ಟೈರು ಕಲ್ಲಾಗುವವರೆಗೆ ಗಾಳಿ ಹೊಡೆದರು. ಕೊನೆಗೆ ಹ್ಯಾಂಡಲ್ಲಿಗೆ ಬಂದರು. ಬೋಲ್ಟು ತಿರುಗಿಸುವ ಚಿಕ್ಕ ಕೀಲಿಗೆ ಕಬ್ಬಿಣದ ಪೈಪು ತೂರಿಸಿ, ಎರಡೂ ಕೈಯಿಂದ, ಕುತ್ತಿಗೆಯ ನರ ಉಬ್ಬುವಂತೆ ಬಿಗಿದರು. "ಸಾಕು ಮಾವ, ಒಡೆಯುತ್ತೆ!" ಎಂದು ನಾನು ಅರಚಿದೆ. "ತರಿ ಅಲುಗೋದು ನೀನ್ ಕಂಡಿದ್ದೀಯಾ? ಸಡ್ಲ ಬಿಟ್ಟೆ, ಕಿವಿ ಓಯ್ತು!" ಎಂದು ಅವರೂ ಅರಚಿ ಇನ್ನೊಂದು ಸುತ್ತು ಬಿಗಿದರು. ಆ ಸದ್ದಿನಲ್ಲಿ ಹ್ಯಾಂಡಲ್ ಸೀಳಿದ್ದು ಯಾರಿಗೂ ಕೇಳಲಿಲ್ಲ.

ಅತ್ತೆ ಕುಂಕುಮ ಇಟ್ಟು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಹೊಸ ಗಾಡಿ ಅದನ್ನು ಜಜ್ಜಿಕೊಂಡು ಹೊರಡಬೇಕು. ಆದರೆ ಆ ಸಪೂರ ಟೈರಿಗೆ ಸಿಕ್ಕದೆ ನಿಂಬೆಹಣ್ಣುಗಳು ಪಕ್ಕಕ್ಕೆ ಉರುಳಿಹೋದವು. ಅಮ್ಮನ ಮುಖ ಬಿಳುಚಿತು. ಮಾವ ಥತ್ ಎಂದು ಹಿಮ್ಮಡಿಯಿಂದ ಎರಡನ್ನೂ ಜಜ್ಜಿದರು. ನಾನು ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹಿಡಿದೆ. ಮಾವ ನನ್ನ ಕೈಯನ್ನು ತಳ್ಳಿದರು.

"ಯಾರ್ ಬಿಗ್ದಿದ್ದು?"

"ನೀವು."

"ಆಮೇಲೇನು? ಅತ್ಲಾಗ್ ನಿಲ್ಲು."

ಪಂಚೆ ಮಡಿಸಿ ಕಟ್ಟಿ, ಬರಿಗಾಲಲ್ಲೇ ಹತ್ತಿದರು. ಶೆಡ್ಡಿನ ಮುಂದಿನ ರಸ್ತೆ ಕಾಲುವೆಯ ಕಡೆ ಇಳಿಜಾರು. ಅವರು ಹೆಲ್ಮೆಟ್ ಹಾಕಲು ಒಪ್ಪಲಿಲ್ಲ. ನಾನು ಕೂಗಾಡಿ ತಲೆಗೆ ಸಿಕ್ಕಿಸಿದೆ, ಪುಣ್ಯ. ಮೊದಲು ಮೆಲ್ಲಗೆ ಹೋದವರು ಇಳಿಜಾರು ಸಿಕ್ಕಿದ ಕೂಡಲೇ ಎದ್ದು ನಿಂತು, ಹ್ಯಾಂಡಲ್ಲನ್ನು ಎಳೆದು ಹಿಡಿದು, ಹುಚ್ಚೆದ್ದು ತುಳಿದರು. ಅಷ್ಟರಲ್ಲಿ ಹ್ಯಾಂಡಲ್ಲಿನ ಎಡಭಾಗ ಮುರಿದು ಅವರ ಕೈಗೆ ಬಂತು. ಮುಂದಿನ ಚಕ್ರ ಅಡ್ಡ ತಿರುಗಿತು. ಮಾವ ಮುಖ ಅಡಿಯಾಗಿ ಡಾಂಬರಿಗೆ ಅಪ್ಪಳಿಸಿ, ಉಜ್ಜಿಕೊಂಡು ಹೋಗಿ, ಕಾಲುವೆಯ ಕಟ್ಟೆಗೆ ಬಡಿದರು.

ನಾನು ಓಡಿ ತಲುಪುವಷ್ಟರಲ್ಲಿ ಎದ್ದುಬಿಟ್ಟಿದ್ದರು. ಮೇಲಿನ ಎರಡು ಹಲ್ಲು ಇರಲಿಲ್ಲ. ಕೆನ್ನೆಯೊಳಗೆ ಜಲ್ಲಿಯ ಚೂರುಗಳು ಹೊಕ್ಕಿದ್ದವು, ಒಂದು ಭುಜ ಜೋತುಬಿದ್ದಿತ್ತು. ಬಾಯಿಂದ ಸುರಿದ ರಕ್ತ ಅಂಗಿಯನ್ನು ತೋಯಿಸಿತ್ತು. ಮುರಿದ ಹ್ಯಾಂಡಲ್ ತುಂಡನ್ನು ಕೈಯಲ್ಲಿ ಹಿಡಿದುಕೊಂಡು, ಅದರಿಂದಲೇ ಸೈಕಲ್ಲಿಗೆ ಬಾರಿಸುತ್ತಿದ್ದರು. ಒಂದು, ಇನ್ನೊಂದು, ಮತ್ತೊಂದು. ಆಮೇಲೆ ತುಂಡನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಬೋಲ್ಟು ಅದುಮಿದ ಜಾಗದಲ್ಲೇ ಸೀಳಿತ್ತು. ಅದನ್ನು ಕಂಡ ಮೇಲೆ ಹೊಡೆಯುವುದನ್ನು ಬಿಟ್ಟು ರಸ್ತೆಯಲ್ಲೇ ಕೂತರು.

ಅಮ್ಮ ಬಂದಳು. ರಕ್ತ ನೋಡಿದಳು. ಅವಳು ಮೂರ್ಛೆ ಹೋಗುತ್ತಾಳೆ ಎಂದುಕೊಂಡು ನಾನು ಹಿಡಿಯಲು ಹೋದೆ. ಅವಳು ನನ್ನನ್ನು ಸರಿಸಿ, ಊರಿಗೆಲ್ಲ ಕೈಯೆತ್ತುತ್ತಿದ್ದ ತನ್ನ ಅಣ್ಣನ ಕೆನ್ನೆಗೆ, ಆ ಹರಿದ ಕೆನ್ನೆಗೇ, ಫಟಾರನೆ ಒಂದು ಬಿಟ್ಟಳು. "ನನ್ ಮಗೂನ ಇದ್ರ ಮೇಲೆ ಕೂರ್ಸಕ್ ಇದ್ದಿಯಲ್ಲಾ! ಅವ್ರು ಓಗ್ಬಿಟ್ರು, ಇವ್ಳನ್ನೂ ತಗೊಂಡ್ ಓಗ್ಬೇಕಿತ್ತಾ ಆ ರೋಡು?" ಅವಳ ಅಂಗೈಯೆಲ್ಲ ರಕ್ತವಾಗಿತ್ತು. ಮಗ್ಗದವರು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು. ಆ ಮನುಷ್ಯ ತಿರುಗಿ ಕೈಯೆತ್ತಿದರೆ ಏನು ಗತಿ ಎಂದು ನನಗೂ ಒಂದು ಕ್ಷಣ ಭಯವಾಯಿತು.

ಮಾವ ಇನ್ನೊಂದು ಕೆನ್ನೆ ತಿರುಗಿಸಿ, ಹಲ್ಲಿಲ್ಲದ ಬಾಯಲ್ಲಿ ಹೇಳಿದರು: "ಇನ್ನೂ ಒಡಿ ತಂಗಿ. ನಿನ್ ಕೋಪ ತೀರೋಗಂಟ ಒಡಿ. ಅವ್ಳು ಬೀಳೋದ್ನ ನಾನ್ ಬಿದ್ದಾಯ್ತು. ಇನ್ ಅವ್ಳನ್ನ ಸೈಕಲ್ ಓಡ್ಸಕ್ ಬಿಡು."

ಅಮ್ಮ ಅಲ್ಲೇ ಅವರ ಪಕ್ಕದಲ್ಲಿ ಕುಸಿದು ಕೂತು ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಬೇಡ ಎನ್ನುವ ಮಾತು ಮಾತ್ರ ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಭುಜದ ಮೂಳೆ ಕೂಡಿದ ಮೇಲೆ ಮಾವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಎರಡು ಹಲ್ಲು ಕಟ್ಟಿದೆ. ಸೂಜಿ ಕಂಡು ಕುರ್ಚಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಅದು ಕಿತ್ತು ಬಂತು. ಸೈಕಲ್ಲಿಗೆ ಅಲ್ಯೂಮಿನಿಯಂ ಹ್ಯಾಂಡಲ್ ತರಿಸಿದೆವು. ಮುಂದಿನ ಫೋರ್ಕನ್ನು ಬಲ್ಲವರಿಗೆ ತೋರಿಸಿ, ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡೆವು. ಹ್ಯಾಂಡಲ್ ಕೂರಿಸುವ ದಿನ ಮಾವ ವ್ಯಾನಿನ ಸೀಟಿನಡಿಯಿಂದ ಆ ಟಕ್ ಎನ್ನುವ ಸ್ಪ್ಯಾನರ್ ಹುಡುಕಿ ತಂದರು. ಆಮೇಲೆ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಹಬ್ಬಕ್ಕೂ ಸಾವಿಗೂ ಗೊಣಗುತ್ತಲೇ ನಿಲ್ಲಿಸುತ್ತಿದ್ದ ಮಗ್ಗಗಳನ್ನು, ಆ ಪುಟ್ಟ ಸದ್ದು ಕೇಳಿಸಲೆಂದು, ಒಟ್ಟಿಗೇ ನಿಲ್ಲಿಸಿಬಿಟ್ಟರು. ಶೆಡ್ಡಿನ ಸೂರಿನಲ್ಲಿ ಪಾರಿವಾಳಗಳಿವೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಮಾವ ಎರಡೇ ಬೆರಳಲ್ಲಿ ಸ್ಪ್ಯಾನರ್ ಹಿಡಿದು, ಉಸಿರು ಬಿಗಿಹಿಡಿದು ತಿರುಗಿಸಿದರು. ಟಕ್ ಎಂದಿತು. ಬಿಸಿ ತಾಗಿದವರ ಹಾಗೆ ಕೈ ತೆಗೆದರು. ಈ ಸಲವೂ ಇಳಿಜಾರಿನಲ್ಲಿ ಮೊದಲು ಹೋಗಿ ಬಂದದ್ದು ಅವರೇ.

ನಾನು ಮದುಕ್ಕರೈಗೆ ಹೋದ ಭಾನುವಾರ ಅವರು ವ್ಯಾನಿನಲ್ಲಿ ಹಿಂದೆಯೇ ಬಂದರು. ನನ್ನನ್ನು ಹಿಂದೆ ಹಾಕಲು ಬಂದ ಪ್ರತಿ ಲಾರಿಗೂ ಕಿಟಕಿಯಿಂದ ಮೈಯೆಲ್ಲ ಹೊರಹಾಕಿ ಬೈದರು. ಆ ಬೈಗುಳಗಳನ್ನು ಬರೆಯುವಂತಿಲ್ಲ. ಅಪ್ಪ ಬಿದ್ದ ಜಾಗ ದಾಟುವಾಗ ಹಿಂದೆ ಬೈಗುಳ ನಿಂತಿತು. ಟೀ ಅಂಗಡಿಯ ಮುಂದೆ ಇಳಿದು ಸೈಕಲನ್ನು ಗೋಡೆಗೆ ಒರಗಿಸಿದೆ. ಮಾವ ಮೂರು ಟೀ ಹೇಳಿ, ಒಂದನ್ನು ಹಾಗೇ ಬೆಂಚಿನ ಮೇಲೆ ಇಟ್ಟರು. ಅದು ಆರುವವರೆಗೂ ಕೂತಿದ್ದು ಹೊರಟೆವು.

ಹೋದ ವರ್ಷ ಮಾವ ಶೆಡ್ಡಿನಲ್ಲೇ ಹೋದರು. ಹಟ ಹಿಡಿದ ಮಗ್ಗವೊಂದನ್ನು ಬೈಯುತ್ತಾ ಬಗ್ಗಿದವರು ಏಳಲಿಲ್ಲ. ಎದೆಬಡಿತ ನಿಂತಿತ್ತು. ಮುಖ ತೊಳೆಸುವಾಗ ತುಟಿ ಸ್ವಲ್ಪ ತೆರೆದಿತ್ತು, ನಾನು ಕಟ್ಟಿದ ಎರಡು ಹಲ್ಲುಗಳು ಕಾಣುತ್ತಿದ್ದವು.

ಈಗ ಅವರ ಮೊಮ್ಮಗಳು ಕಾಲೇಜಿಗೆ ಸೇರಿದ್ದಾಳೆ. ತಾತನ ಮೂಗು, ತಾತನ ಸಿಟ್ಟು. ಹೋದ ತಿಂಗಳು ಅವಳ ಮೊದಲ ರೋಡ್ ಬೈಕ್ ಬಂತು. ಶೆಡ್ಡಿನ ಮಗ್ಗ ನಿಲ್ಲಿಸಿ, ಅದೇ ಸ್ಪ್ಯಾನರಿನಿಂದ ನಾನು ಜೋಡಿಸಿದೆ. ಅತ್ತೆ ಈ ಸಲ ನಿಂಬೆಹಣ್ಣನ್ನು ಹೋಳು ಮಾಡಿಯೇ ಇಟ್ಟರು. ಹುಡುಗಿ ಹೆಲ್ಮೆಟ್ ಹಾಕಿಕೊಂಡು ಸೈಕಲ್ಲಿಗೆ ಕೈಹಾಕಿದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನನ್ನೇ ನೋಡುತ್ತಿದ್ದಳು.

ನಾನು ಹುಡುಗಿಯ ಕೈಯನ್ನು ತಳ್ಳಿದೆ. "ಯಾರ್ ಬಿಗ್ದಿದ್ದು?" ಎಂದೆ. ಅವಳು ಗೊಣಗುತ್ತಾ ಪಕ್ಕಕ್ಕೆ ಸರಿದಳು. ಇಳಿಜಾರಿನಲ್ಲಿ ಎದ್ದು ನಿಂತು, ಮುರಿಯುವುದಾದರೆ ನನ್ನ ಕೈಯಲ್ಲೇ ಮುರಿ ಎಂದು ಹ್ಯಾಂಡಲ್ಲನ್ನು ಮೈಯೆಲ್ಲ ಬಲ ಹಾಕಿ ಜಗ್ಗಿದೆ, ಜಗ್ಗಿದೆ, ಕಾಲುವೆಯ ಕಟ್ಟೆ ಬರುವವರೆಗೂ ಜಗ್ಗಿದೆ. ಅದು ಮುರಿಯಲಿಲ್ಲ. ವಾಪಸು ಬಂದು ಸೈಕಲನ್ನು ಅವಳ ಕೈಗೆ ಕೊಟ್ಟೆ.