ಭಾವನೋರು ಬಂದಿದಾರೆ

ಪಟಾಕಿಯ ನಿಜವಾದ ಹೆಸರು ಪ್ಲೈವುಡ್ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಇಪ್ಪತ್ತೆರಡು ವರ್ಷ ಅಲ್ಲಿನ ಮೆಸ್ಸಿನಲ್ಲಿ ಎಂಬತ್ತು ಜನರಿಗೆ ಎರಡು ಹೊತ್ತು ಬೇಯಿಸಿ ಹಾಕಿದ ಹೆಂಗಸು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಕಂಡವರಿಗೆಲ್ಲ ಅಡ್ಡಹೆಸರಿಡುವುದು ಅವಳ ಚಟ. ಏನು ಕೇಳಿದರೂ ಮುಂದಿನ ವಾರ ನೋಡೋಣ ಎನ್ನುವ ಮ್ಯಾನೇಜರ್‌ಗೆ 'ಮುಂದಿನ್ವಾರ' ಎಂದೇ ಹೆಸರು. ಗೇಟಿನ ಪಕ್ಕದ ಎತ್ತರದ ಕೋಣೆಯಲ್ಲಿ ಕೂತು ಮರದ ಲಾರಿಗಳನ್ನು ತೂಕ ಹಾಕುವ ಮುದುಕ 'ತಕ್ಕಡಿ'. ಅವನೂ ಬಿಡದೆ ಸೇಡು ತೀರಿಸಿಕೊಂಡ, ಇವಳಿಗೆ ಪಟಾಕಿ ಎಂದು ಹೆಸರಿಟ್ಟ. ಅದೇ ನಿಂತುಹೋಯಿತು.

ಕರಡಿಗೆ ಹೆಸರಿಟ್ಟವಳೂ ಅವಳೇ. ಅಲ್ಲಿಂದಲೇ ಶುರುವಾಗಿದ್ದು ನೋಡಿ.

ಕಾರ್ಖಾನೆಯ ಹಿಂದೆ ಕೆಲಸಗಾರರ ಹನ್ನೆರಡು ಮನೆಗಳ ಒಂದು ಸಾಲು. ಸಾಲಿನ ನಡುವೆ ಮೆಸ್ಸು. ಅದರ ಹಿಂದೆ ಒಂದು ಮೋರಿ, ಮೋರಿಯಾಚೆ ಕಾಡು. ಕಾಡಿನಂಚಿನಲ್ಲಿ ಮನೆ ಕಟ್ಟಿಸಿದವರು ಯಾರೋ, ಅಲ್ಲಿ ಬದುಕಬೇಕಾದವರು ಯಾರೋ! ಚಿರತೆ ಒಂದೇ ವರ್ಷದಲ್ಲಿ ಮೂರು ನಾಯಿಗಳನ್ನು ಹೊತ್ತೊಯ್ದಿತ್ತು. ತೋಳಗಳು ಕೋಳಿಗೂಡನ್ನು ಎರಡು ಸಲ ಖಾಲಿ ಮಾಡಿದ್ದವು. ಅವು ಯಾರ ಕಣ್ಣಿಗೂ ಬೀಳದ ಕಾರಣ ಜನ ಅವುಗಳ ಸುದ್ದಿಯನ್ನು ದನಿ ತಗ್ಗಿಸಿ ಆಡುತ್ತಿದ್ದರು. ಕರಿಕರಡಿ ಹಾಗಲ್ಲ, ಹಾಡುಹಗಲೇ ಬಂತು. ಮೆಸ್ಸಿನ ಹಿಂದಿನ ಎಂಜಲಿನ ಡ್ರಮ್ಮಿಗೆ ತಲೆ ತೂರಿಸಿ ತಿಂದು, ಹಗ್ಗದ ಮೇಲೆ ಒಣಗಲು ಹಾಕಿದ್ದ ಟವೆಲಿಗೆ ಮೂತಿ ಉಜ್ಜಿ, ಬಂದ ದಾರಿಯಲ್ಲೇ ಹೊರಟುಹೋಯಿತು.

ಕಿಟಕಿಯಲ್ಲಿ ಸೌಟು ಹಿಡಿದು ನಿಂತಿದ್ದ ಪಟಾಕಿ ಹೆದರಿಕೆಯಲ್ಲೂ ಬಾಯಿ ಮುಚ್ಚಿಕೊಂಡಿರಲಿಲ್ಲ. "ಅಯ್ಯೋ, ಇವನು ನಮ್ಮ ಭಾವನೇ ಕಣ್ರೀ! ಊಟದ ಹೊತ್ತಿಗೆ ಸರಿಯಾಗಿ ಬಂದ, ತಿಂದ, ಮೂತಿ ಒರೆಸ್ಕೊಂಡ, ಹೋದ. ಚೆನ್ನಾಗಿತ್ತು ಅಂತ ಒಂದು ಮಾತೂ ಇಲ್ಲ!"

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಯಾಕೆಂದರೆ ಪಟಾಕಿಯ ನಿಜವಾದ ಭಾವನನ್ನು, ಅಂದರೆ ಅವಳ ಅಕ್ಕನ ಗಂಡನನ್ನು, ಎಲ್ಲರೂ ಬಲ್ಲರು. ದೂರದೂರಿಗೆ ಲಾರಿ ಓಡಿಸುವವನು. ಈ ರಸ್ತೆಯಲ್ಲಿ ಹಾದಾಗಲೆಲ್ಲ ಮೆಸ್ಸಿನ ಮುಂದೆ ಲಾರಿ ನಿಲ್ಲಿಸಿ, ಎರಡು ತಟ್ಟೆ ಊಟ ಮಾಡಿ, ತುಟಿ ಎರಡು ಮಾಡದೆ ಎದ್ದು ಹೋಗುವ ಆಸಾಮಿ.

ಅಂದಿನಿಂದ ಕರಡಿಗೆ ಅದೇ ಹೆಸರು. ಎತ್ತರದಲ್ಲಿ ಕೂತ ತಕ್ಕಡಿಗೆ ಅದು ಮೊದಲು ಕಾಣುತ್ತಿತ್ತು. ಅವನು ಕೂಗಿದ್ದನ್ನು ಪಟಾಕಿ ಮೆಸ್ಸಿನ ಕಿಟಕಿಯಿಂದ ಮನೆಗಳ ಕಡೆ ದಾಟಿಸಬೇಕು. "ಭಾವನೋರು ಬಂದಿದಾರೆ! ಬಾಗಿಲು ಹಾಕ್ಕೊಳ್ಳಿ!" ಬಂದಿದಾನೆ ಅಲ್ಲ, ಬಂದಿದಾರೆ. ಎಷ್ಟಾದರೂ ಭಾವ, ಮರ್ಯಾದೆ ಕೊಡಬೇಡವೇ? ಹನ್ನೆರಡು ಬಾಗಿಲುಗಳು ಪಟಪಟನೆ ಮುಚ್ಚಿಕೊಳ್ಳುತ್ತಿದ್ದವು. ಮೂರು ವರ್ಷ ಹೀಗೇ ನಡೆಯಿತು, ಯಾರ ಕೂದಲೂ ಕೊಂಕಲಿಲ್ಲ.

ಆಮೇಲೆ ಅಕ್ಕ ಬಂದಳು.

ಅಕ್ಕ ದರ್ಜಿ. ಒಂದು ಹೊಲಿಗೆ ಮೆಷಿನ್ನು, ಒಂದು ಟ್ರಂಕು ತಂದು ತಂಗಿಯ ಮನೆಯ ಕಿಟಕಿಯ ಪಕ್ಕ ಇಟ್ಟುಕೊಂಡಳು. ಎಂಟು ತಿಂಗಳ ಹಿಂದೆ ಒಂದು ವಾರಕ್ಕೆಂದು ಲಾರಿ ಹತ್ತಿದ ಗಂಡ ತಿರುಗಿ ಬಂದಿರಲಿಲ್ಲ, ಫೋನೂ ಇಲ್ಲ, ಈ ಮೆಸ್ಸಿಗೂ ಕಾಲಿಟ್ಟಿರಲಿಲ್ಲ. ಅವನ ಲಾರಿ ಈ ರಸ್ತೆಯಲ್ಲಿ ಈಗಲೂ ಓಡಾಡುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಷ್ಟು ಸಾಕಾಯಿತು ಅವಳಿಗೆ. ಕೆಲಸಗಾರರ ಸಮವಸ್ತ್ರ ಹೊಲಿಯುತ್ತಾ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಒಂದೊಂದು ಹಾರನ್ನಿಗೂ ಕಾಲು ತಡೆದು ಕಿವಿಗೊಡುತ್ತಿದ್ದಳು.

"ಇವತ್ತಲ್ಲ ನಾಳೆ ಬರ್ತಾರೆ ಬಿಡು," ಎನ್ನುವಳು.

ಪಟಾಕಿಗೆ ರೇಗುತ್ತಿತ್ತು. ಬರುವವನಾಗಿದ್ದರೆ ಬರುತ್ತಿರಲಿಲ್ಲವೇ? ಆದರೆ ಅಕ್ಕನ ಮುಖ ನೋಡಿ ಆ ಮಾತನ್ನು ನುಂಗಿಕೊಳ್ಳುತ್ತಿದ್ದಳು. ಕರಡಿ ಬರುತ್ತದೆ, ಹುಷಾರು ಎಂದೇನೋ ಹೇಳಿದಳು. ಆದರೆ ಸಾಲಿನವರು ಅದಕ್ಕೆ ಏನೆಂದು ಕರೆಯುತ್ತಾರೆ ಎಂಬುದನ್ನು ಹೇಳಲಿಲ್ಲ. ಹೇಗೆ ಹೇಳುವುದು? ನಿನ್ನ ಗಂಡನನ್ನು ಎಂಜಲು ತಿನ್ನುವ ಪ್ರಾಣಿ ಮಾಡಿ ಊರಿಗೆಲ್ಲ ನಗೆ ಹಂಚಿದೆ ಎನ್ನುವುದೇ? ಅಂದೇ ಮನೆಮನೆಗೆ ಹೋಗಿ ಕೈಮುಗಿದಳು. "ನಿಮ್ಮ ದಮ್ಮಯ್ಯ, ಅಕ್ಕ ಇರೋ ತನಕ ಕರಡಿಗೆ ಕರಡಿ ಅಂತ್ಲೇ ಕೂಗಿ." ತಕ್ಕಡಿಗೆ ಎರಡೆರಡು ಸಲ ಹೇಳಿದಳು. "ನಿನ್ನ ಬಾಯಿಗೆ ಬೀಗ ಹಾಕ್ಕೋ ಮುದುಕಪ್ಪ."

"ನನ್ನ ಬಾಯಿ ಬಿಡು, ನಿಂದು ನೋಡ್ಕೋ," ಎಂದ ತಕ್ಕಡಿ.

ಹದಿನಾರು ದಿನ ಕರಡಿ ಬರಲಿಲ್ಲ. ಹದಿನೇಳನೆಯ ದಿನ ಮಧ್ಯಾಹ್ನ ಮೂರೂವರೆಗೆ, ಊಟದ ಪಾತ್ರೆಗಳು ರಾಶಿ ಬಿದ್ದಿದ್ದಾಗ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದಾಗ, ತಕ್ಕಡಿ ಮೇಲಿನಿಂದ ಕೂಗಿದ. ಹೇಳಿಕೊಟ್ಟ ಹಾಗೆಯೇ ಕೂಗಿದ. "ಕರಡಿ! ಕರಡಿ ಬಂತು!"

ಪಟಾಕಿ ಒಂದು ಕೈಯಲ್ಲಿ ಹಾಲಿನ ಪಾತ್ರೆ ಇಳಿಸುತ್ತಾ, ಕಿಟಕಿಗೆ ತಲೆ ಹಾಕಿ, ಮೂರು ವರ್ಷದ ಅಭ್ಯಾಸದಲ್ಲಿ ತನ್ನ ಮನೆಯ ಕಡೆಗೇ ಬಾಯಿ ಮಾಡಿ ಕೂಗಿದಳು. "ಭಾವನೋರು ಬಂದಿದಾರೆ!"

ಕೂಗಿದ್ದೇ ತಡ, ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡಳು. ಉಳಿದರ್ಧ ಮಾತು, ಬಾಗಿಲು ಹಾಕ್ಕೊಳ್ಳಿ ಎನ್ನುವುದು, ಬಾಯಿಂದ ಹೊರಬೀಳಲಿಲ್ಲ. ಅದೊಂದನ್ನು ಹೇಳಿಬಿಟ್ಟಿದ್ದರೂ ಅಕ್ಕ ಇದೇನಿದು ಎಂದು ಒಂದು ಗಳಿಗೆ ನಿಲ್ಲುತ್ತಿದ್ದಳು. ಊರಿಗೆಲ್ಲ ಬುದ್ಧಿ ಹೇಳಿದವಳು ತಾನೇ ತಪ್ಪಿದಳು, ತಪ್ಪಿದ್ದನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೂ ಕೆಡಿಸಿದಳು.

ತಕ್ಕಡಿಯ ಕೂಗು ಮೆಷಿನ್ನಿನ ಸದ್ದಿನಲ್ಲಿ ಅಕ್ಕನಿಗೆ ಕೇಳಿಸಿರಲಿಲ್ಲ. ತಂಗಿಯ ದನಿ ಕೇಳಿಸಿತು. ಸ್ವಂತ ತಂಗಿಯ ದನಿ, ಅನುಮಾನ ಯಾಕೆ ಪಡಬೇಕು? ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಕೂದಲು ಸರಿ ಮಾಡಿಕೊಳ್ಳುತ್ತಾ, ಬರಿಗಾಲಲ್ಲಿ, ಅವಳು ತಂಗಿಯ ದನಿ ಬಂದ ಮೆಸ್ಸಿನ ಹಿಂಬದಿಗೇ ಓಡಿ ಬಂದಳು. ಗಂಡ ಬಂದರೆ ಊಟಕ್ಕೆ ಮೆಸ್ಸಿಗೇ ತಾನೇ ಬರುವುದು?

ಡ್ರಮ್ಮಿನಿಂದ ತಲೆ ಎತ್ತಿದ ಕರಡಿಗೆ ಎರಡು ಮಾರು ದೂರದಲ್ಲಿ ಅಕ್ಕ ಕಂಡಳು.

ಪಟಾಕಿ ಕುದಿಯುವ ಹಾಲಿನ ಪಾತ್ರೆ ಹಿಡಿದೇ ಹೊರಗೆ ಹಾರಿದ್ದಳು. ಅಕ್ಕನ ಮೇಲೆರಗಿದ್ದ ಕರಡಿಯ ಬೆನ್ನಿಗೆ ಹಾಲು ಎರಚಿದಳು. ಪಾತ್ರೆಯಿಂದಲೇ ಬಡಿದಳು, ಬೈದಳು, ಕಿರುಚಿದಳು. ಲೋಡಿಂಗಿನವರು ತಗಡು ಬಡಿಯುತ್ತಾ ಓಡಿ ಬಂದ ಮೇಲೆ ಅದು ಮೋರಿ ದಾಟಿ ಹೋಯಿತು. ಇಷ್ಟೆಲ್ಲ ನಡೆದದ್ದು ಒಂದು ನಿಮಿಷದೊಳಗೆ. ಅಕ್ಕನ ಎಡಗಣ್ಣಿದ್ದ ಜಾಗವನ್ನು ಪಟಾಕಿ ತನ್ನ ಸೆರಗಿನಿಂದ ಮುಚ್ಚಿದಳು, ಕೈ ತೆಗೆಯಲು ಧೈರ್ಯ ಬರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಕಣ್ಣು ಉಳಿಯಲಿಲ್ಲ. ಕೆನ್ನೆಗೆ ನಲವತ್ತೆಂಟು ಹೊಲಿಗೆ. ದವಡೆಗೆ ತಂತಿ ಕಟ್ಟಿದ್ದರು, ಮಾತಾಡುವಂತಿರಲಿಲ್ಲ. ಆರನೆಯ ದಿನ ಅಕ್ಕ ಕೈಸನ್ನೆ ಮಾಡಿ ಪೆನ್ನು ಕೇಳಿದಳು. ಔಷಧದ ಚೀಟಿಯ ಹಿಂದೆ ಸೊಟ್ಟಸೊಟ್ಟಗೆ ಬರೆದಳು. 'ಅವರಿಗೆ ಏನೂ ಆಗಲಿಲ್ಲ ತಾನೆ?'

ಪಟಾಕಿ ಚೀಟಿಯನ್ನು ಎರಡು ಸಲ ಓದಿದಳು. ಈ ಸ್ಥಿತಿಯಲ್ಲೂ ಇವಳಿಗೆ ಅವನದೇ ಚಿಂತೆ!

ಸಾಲಿನ ಹೆಂಗಸರು ಮೊದಲೇ ಹೇಳಿಕೊಟ್ಟಿದ್ದರು. "ಬಂದಿದ್ದ, ಕರಡಿ ನೋಡಿ ಹೆದರಿ ಓಡಿಹೋದ ಅಂದ್ಬಿಡು ಕಣೇ. ಆಗಲಾದರೂ ಅವನ ಆಸೆ ಬಿಡ್ತಾಳೆ, ನೀನೂ ಬಚಾವ್." ಯಾರೂ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿದ್ದರು. ಸುಲಭದ ಸುಳ್ಳು, ನಾಲಿಗೆಯ ತುದಿಯಲ್ಲೇ ಇತ್ತು. ಜೀವನವಿಡೀ ಬಾಯಿಗೆ ಬಂದದ್ದನ್ನು ಆಡಿದವಳು ಅಂದು ಅದನ್ನು ಆಡಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡ್ರಮ್ಮು, ಟವೆಲು, ಹೆಸರು, ಮೂರು ವರ್ಷದ ನಗು, ಮನೆಮನೆಗೆ ಹೋಗಿ ಕೈಮುಗಿದದ್ದು, ಕೂಗಿದ್ದು, ಅರ್ಧ ಕೂಗಿದ್ದು. "ಭಾವ ಬಂದಿರಲಿಲ್ಲ ಅಕ್ಕಾ. ಬಂದಿದ್ದು ಕರಡಿ. ಅದು ನಿನ್ನ ಕೊಂದಿದ್ದರೆ, ನಾನೇ ಕೊಂದ ಹಾಗೆ ಆಗ್ತಿತ್ತು."

ಅಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟಳು. ಗೋಡೆಯ ಕಡೆ ತಿರುಗಿದಳು.

ಅರಣ್ಯದವರು ಬೋನಿಟ್ಟು ಕರಡಿಯನ್ನು ಹಿಡಿದರು. ಪಟಾಕಿಯೂ ಹೋಗಿ ನೋಡಿದಳು. ಮುದಿ ಪ್ರಾಣಿ, ಹಲ್ಲು ಸವೆದಿದ್ದವು, ಬೆನ್ನಿನ ಮೇಲೆ ಹಾಲು ಸುಟ್ಟ ಕಡೆ ಕೂದಲು ಉದುರಿತ್ತು. ಶಾಪ ಹಾಕಲೆಂದು ಹೋದವಳು ಹಾಗೇ ತಿರುಗಿ ಬಂದಳು. ಅಂದಿನಿಂದ ಯಾರಿಗೂ ಹೊಸ ಹೆಸರಿಡಲಿಲ್ಲ. ಮ್ಯಾನೇಜರನ್ನು ಮ್ಯಾನೇಜರೇ ಎಂದಳು. ತಕ್ಕಡಿಯನ್ನು ಅಣ್ಣ ಎಂದಾಗ ಮುದುಕ ಗಾಬರಿಯಾದ.

ಮನೆಗೆ ಬಂದ ಅಕ್ಕ ಮೆಷಿನ್ನನ್ನು ಕಿಟಕಿಯಿಂದ ಒಳಗಿನ ಗೋಡೆಗೆ ಎಳೆಸಿಕೊಂಡಳು. ತಂತಿ ತೆಗೆದ ಮೇಲೆ ಮೊದಲು ಆಡಿದ ಮಾತು ಕನ್ನಡಿ ನೋಡಿಕೊಂಡು. "ಹೊಲಿಗೆ ಹಾಕಿದೋರಿಗೆ ಕೈ ಪಳಗಿಲ್ಲ." ತಂಗಿಯೊಂದಿಗೆ ಮಾತಿಲ್ಲ. ಇಟ್ಟದ್ದನ್ನು ತಿನ್ನುವಳು, ತಟ್ಟೆ ತೊಳೆದಿಡುವಳು. ಹಾರನ್ನು ಕೇಳಿದರೆ ಈಗ ಕಾಲು ನಿಲ್ಲುತ್ತಿರಲಿಲ್ಲ, ಮೆಷಿನ್ನು ಇನ್ನೂ ಜೋರಾಗಿ ಓಡುತ್ತಿತ್ತು. ಆ ಮೌನಕ್ಕಿಂತ ಎರಡು ಏಟು ಹೊಡೆದಿದ್ದರೆ ಪಟಾಕಿಗೆ ನೆಮ್ಮದಿಯಾಗುತ್ತಿತ್ತು.

ನಾಲ್ಕು ತಿಂಗಳ ನಂತರ, ಒಂದು ಬೆಳಿಗ್ಗೆ, ತಕ್ಕಡಿ ತನ್ನ ಕೋಣೆಯಿಂದ ಕೂಗಲಿಲ್ಲ. ಮಂಡಿ ನೋವಿನ ಮುದುಕ ಮೆಟ್ಟಿಲಿಳಿದು, ಸಾಲಿನುದ್ದಕ್ಕೂ ನಡೆದು, ಪಟಾಕಿಯ ಮನೆ ಬಾಗಿಲಿಗೆ ಬಂದು ಏದುಸಿರು ಬಿಡುತ್ತಾ ನಿಂತ. ಅಕ್ಕನನ್ನು ನೋಡಿ, ಒಂದೊಂದೇ ಪದ ಆರಿಸಿ ಹೇಳಿದ. "ನಿಮ್ಮ ಯಜಮಾನ್ರು ಬಂದಿದಾರಮ್ಮ. ನಿಜವಾದೋರು. ದಾರೀಲಿ ಯಾರೋ ವಿಷಯ ಹೇಳಿದ್ರಂತೆ. ಗೇಟಿನ ಹತ್ರ ಲಾರಿ ನಿಲ್ಲಿಸಿದಾರೆ, ಈ ಕಡೇನೇ ಬರ್ತಿದಾರೆ."

ಪಟಾಕಿ ಅಕ್ಕನನ್ನೇ ನೋಡಿದಳು. ಅಕ್ಕ ಸೂಜಿಯಿಂದ ಬಟ್ಟೆ ಬಿಡಿಸಿದಳು, ನೂಲು ಕತ್ತರಿಸಿದಳು. ಉಳಿದ ಒಂದು ಕಣ್ಣಿನಿಂದ ತಂಗಿಯ ಮುಖ ನೋಡಿದಳು.

"ಭಾವನೋರು ಬಂದಿದಾರಂತಲ್ಲೇ," ಎಂದಳು. "ಬಾಗಿಲು ಹಾಕು."

ಪಟಾಕಿ ಎದ್ದು ಹೋಗಿ ಚಿಲಕ ಹಾಕಿದಳು.